ರೆಡ್‌ಕ್ರಾಸ್ ಜನಕ ಹೆನ್ರಿ ಡ್ಯೂನಾಂಟ್: ನೆರವಿಗೆ ಹೋದವರ ನೋವು

ಮೇ 8 ವಿಶ್ವ ರೆಡ್‌ಕ್ರಾಸ್ ಮತ್ತು ರೆಡ್ ಕ್ರೆಸೆಂಟ್ ದಿನ. ಅದು ಹೆನ್ರಿ ಡ್ಯೂನಾಂಟ್ ಅವರ ಹುಟ್ಟಿದ ದಿನವೂ ಹೌದು. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಅವರ ಹೆಸರು ಎರಡು ಕಡೆ ಸಿಗುತ್ತದೆ. ರೆಡ್‌ಕ್ರಾಸ್ ಹುಟ್ಟಿಗೆ ಕಾರಣರಾದವರು ಯಾರು ಎಂಬುದು ಒಂದು ಪ್ರಶ್ನೆ, ಮೊದಲ ನೊಬೆಲ್ ಶಾಂತಿ ಪ್ರಶಸ್ತಿ ಯಾರಿಗೆ ಬಂತು ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ. ಆದರೆ ಮೊದಲನೆಯದು ನಡೆದದ್ದು 1863ರಲ್ಲಿ, ಎರಡನೆಯದು 1901ರಲ್ಲಿ. ನಡುವಿನ 38 ವರ್ಷ ಆ ಮನುಷ್ಯ ಎಲ್ಲಿದ್ದರು, ಹೇಗಿದ್ದರು ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ವಿಪತ್ತಿನಲ್ಲಿ ನೆರವಿಗೆ ಓಡಬೇಕೆಂಬ ಆಸೆ ಇರುವ ವಿದ್ಯಾರ್ಥಿಗಳು ತಿಳಿಯಬೇಕಾದದ್ದು ಆ ನಡುವಿನ ವರ್ಷಗಳನ್ನೇ.

ಬಾಲ್ಯ ಮತ್ತು ವ್ಯಾಪಾರ

ಜೀನ್ ಹೆನ್ರಿ ಡ್ಯೂನಾಂಟ್ 1828ರ ಮೇ 8ರಂದು ಸ್ವಿಟ್ಜರ್‌ಲೆಂಡಿನ ಜಿನೀವಾ ನಗರದಲ್ಲಿ ಹುಟ್ಟಿದರು. ಅನುಕೂಲಸ್ಥ ಕುಟುಂಬ. ತಂದೆ ಅನಾಥ ಮಕ್ಕಳಿಗೂ ಸೆರೆಮನೆಯಿಂದ ಬಿಡುಗಡೆಯಾದವರಿಗೂ ನೆರವಾಗುತ್ತಿದ್ದರು. ತಾಯಿ ಬಡವರ, ರೋಗಿಗಳ ಮನೆಗಳಿಗೆ ಹೋಗಿ ಬರುತ್ತಿದ್ದರು. 18ನೇ ವಯಸ್ಸಿಗೆ ಹೆನ್ರಿ ಕೂಡ ಊರಿನ ದಾನಧರ್ಮದ ಸಂಘವೊಂದಕ್ಕೆ ಸೇರಿದರು.

ಓದಿನಲ್ಲಿ ಮಾತ್ರ ಅವರು ಹಿಂದೆ. ಅಂಕಗಳು ಸಾಲದೆ 21ನೇ ವಯಸ್ಸಿಗೆ ಶಾಲೆ ಬಿಡಬೇಕಾಯಿತು. ಒಂದು ಬ್ಯಾಂಕಿಂಗ್ ಸಂಸ್ಥೆಯಲ್ಲಿ ಕೆಲಸ ಕಲಿಯಲು ನಿಂತರು. ಆ ಕೆಲಸದ ಮೇಲೆ 1853ರಲ್ಲಿ ಅಲ್ಜೀರಿಯಾ, ಟುನೀಶಿಯಾಗಳಿಗೆ ಹೋದರು. ಟುನೀಶಿಯಾ ಅವರಿಗೆ ತುಂಬ ಹಿಡಿಸಿತು. 1858ರಲ್ಲಿ ಆ ನಾಡಿನ ಜನಜೀವನದ ಬಗ್ಗೆ ಒಂದು ಪುಸ್ತಕ ಬರೆದರು. ಅಮೆರಿಕದಲ್ಲಿ ಗುಲಾಮಗಿರಿ ಇನ್ನೂ ನಡೆಯುತ್ತಿದ್ದ ಕಾಲ ಅದು. ಟುನೀಶಿಯಾದ ಮುಸ್ಲಿಂ ಅರಸರು 1846ರಲ್ಲೇ ಅದನ್ನು ನಿಷೇಧಿಸಿದ್ದರು. ಈ ವ್ಯತ್ಯಾಸವನ್ನು ಡ್ಯೂನಾಂಟ್ ಯುರೋಪಿನ ಓದುಗರ ಗಮನಕ್ಕೆ ತಂದರು.

ಅಲ್ಜೀರಿಯಾದಲ್ಲಿ ಸ್ವಂತ ಕಂಪನಿಯನ್ನೂ ಕಟ್ಟಿದರು. ಧಾನ್ಯ ಬೆಳೆದು ಹಿಟ್ಟಿನ ಗಿರಣಿ ನಡೆಸುವ ಯೋಜನೆ ಅದು. ನಂಟರ, ಸ್ನೇಹಿತರ ಹಣವನ್ನೂ ಅದಕ್ಕೆ ಹಾಕಿಸಿದರು. ಆದರೆ ಜಮೀನಿನ, ನೀರಿನ ಹಕ್ಕುಗಳು ಇತ್ಯರ್ಥವಾಗಲಿಲ್ಲ. ಅಲ್ಜೀರಿಯಾವನ್ನು ಆಳುತ್ತಿದ್ದ ಫ್ರೆಂಚ್ ಅಧಿಕಾರಿಗಳು ಕಡತ ಮುಂದಕ್ಕೆ ಸರಿಸಲಿಲ್ಲ. ಕೊನೆಗೆ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ನನಿಗೇ ಅಹವಾಲು ಸಲ್ಲಿಸುವುದೆಂದು ನಿರ್ಧರಿಸಿದರು. ಚಕ್ರವರ್ತಿ ಆಗ ಉತ್ತರ ಇಟಲಿಯಲ್ಲಿ ಆಸ್ಟ್ರಿಯಾದ ವಿರುದ್ಧ ಯುದ್ಧದಲ್ಲಿದ್ದ. ಡ್ಯೂನಾಂಟ್ ಅಲ್ಲಿಗೇ ಹೊರಟರು.

ಸಾಲ್ಫೆರಿನೋ, 1859

1859ರ ಜೂನ್ 24ರ ಸಂಜೆ ಅವರು ಕಸ್ತಿಲ್ಯೋನೆ ಎಂಬ ಸಣ್ಣ ಊರಿಗೆ ಬಂದರು. ಅಂದು ಬೆಳಗಿನಿಂದ ಸಾಲ್ಫೆರಿನೋ ಬೆಟ್ಟಗಳ ಸುತ್ತ ಸುಮಾರು 3 ಲಕ್ಷ ಸೈನಿಕರು ಕಾದಾಡಿದ್ದರು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 40,000 ಮಂದಿ. ಅವರಲ್ಲಿ ಸಾವಿರಾರು ಗಾಯಾಳುಗಳು ಗಾಡಿಗಳಲ್ಲಿ, ಹೇಸರಗತ್ತೆಗಳ ಮೇಲೆ, ತೆವಳುತ್ತ, ಈ ಊರಿಗೆ ಬಂದು ಸೇರಿದರು. ಮನೆಗಳು ತುಂಬಿದವು, ಚರ್ಚುಗಳು ತುಂಬಿದವು, ಬೀದಿಯಲ್ಲಿ ಹುಲ್ಲು ಹಾಸಿ ಮಲಗಿಸಿದರು. ಊರಿನ ದೊಡ್ಡ ಚರ್ಚೊಂದರಲ್ಲೇ ಸುಮಾರು 500 ಮಂದಿ ಬಿದ್ದಿದ್ದರು. ವೈದ್ಯರು ಬೆರಳೆಣಿಕೆಯಷ್ಟು. ಬೇಸಿಗೆಯ ಬಿಸಿಲು, ನೊಣ, ಬಾಯಾರಿಕೆ. ನೀರಿತ್ತು, ಆದರೆ ಕುಡಿಸುವವರಿರಲಿಲ್ಲ. ಊಟವಿತ್ತು, ಹಂಚುವವರಿರಲಿಲ್ಲ. ಬಟ್ಟೆ ಸುತ್ತಿದ್ದರೆ ಉಳಿಯುತ್ತಿದ್ದ ಜೀವಗಳು ಹಾಗೆಯೇ ಹೋದವು.

ಡ್ಯೂನಾಂಟ್ ವೈದ್ಯರಲ್ಲ, ಸೈನಿಕರಲ್ಲ. ಬಿಳಿಯ ಪ್ರವಾಸಿ ಉಡುಪಿನಲ್ಲಿ ಬಂದಿದ್ದ ವ್ಯಾಪಾರಿ. ಬಂದ ಕೆಲಸ ಬದಿಗಿಟ್ಟು ಮೂರು ದಿನ ಮೂರು ರಾತ್ರಿ ಗಾಯ ತೊಳೆದರು, ನೀರು ಕುಡಿಸಿದರು, ಸಾಯುವವರ ಕೊನೆಯ ಮಾತನ್ನು ಅವರ ಮನೆಯವರಿಗೆ ಮುಟ್ಟಿಸಲು ಬರೆದುಕೊಂಡರು. ಗಾಡಿಯವನನ್ನು ಪಕ್ಕದ ಪಟ್ಟಣಕ್ಕೆ ಕಳಿಸಿ ಬಟ್ಟೆ, ನಿಂಬೆಹಣ್ಣು, ಸಕ್ಕರೆ, ತಂಬಾಕು ತರಿಸಿದರು. ಊರಿನ ಹೆಂಗಸರನ್ನು, ಹುಡುಗಿಯರನ್ನು ಒಟ್ಟುಗೂಡಿಸಿದರು. ಆ ಹೆಂಗಸರು ತಮ್ಮ ಕಡೆಯ ಸೈನಿಕ, ಶತ್ರು ಕಡೆಯ ಸೈನಿಕ ಎಂಬ ಭೇದ ಮಾಡಲಿಲ್ಲ. ಎಲ್ಲರನ್ನೂ ಒಡಹುಟ್ಟಿದವರಂತೆ ನೋಡಿಕೊಂಡರು. ಸೆರೆಸಿಕ್ಕ ಆಸ್ಟ್ರಿಯಾದ ವೈದ್ಯರನ್ನು ಚಿಕಿತ್ಸೆಗೆ ಬಿಟ್ಟುಕೊಡುವಂತೆಯೂ ಡ್ಯೂನಾಂಟ್ ಫ್ರೆಂಚರನ್ನು ಒಪ್ಪಿಸಿದರು. ಗಿರಣಿಯ ಕೆಲಸ ಮಾತ್ರ ಆಗಲೇ ಇಲ್ಲ.

ಒಂದು ಪುಸ್ತಕ, ಎರಡು ಸಲಹೆ

ಜಿನೀವಾಕ್ಕೆ ಮರಳಿದ ಮೇಲೂ ಆ ಮೂರು ದಿನಗಳು ಅವರನ್ನು ಬಿಡಲಿಲ್ಲ. 1862ರಲ್ಲಿ ಸಾಲ್ಫೆರಿನೋದ ನೆನಪುಗಳನ್ನು ಪುಸ್ತಕ ಮಾಡಿ ಸ್ವಂತ ಖರ್ಚಿನಲ್ಲಿ 1,600 ಪ್ರತಿ ಅಚ್ಚು ಹಾಕಿಸಿ ಯುರೋಪಿನ ಅರಸರಿಗೆ, ಮಂತ್ರಿಗಳಿಗೆ, ಸೇನಾಪತಿಗಳಿಗೆ ಹಂಚಿದರು. ತಮ್ಮನ್ನು ಮೀರಿದ ಒಂದು ಶಕ್ತಿಯೇ ಅದನ್ನು ಬರೆಸಿತೆಂದು ಮುಂದೆ ಹೇಳಿಕೊಂಡರು. ಓದಿದವರಿಗೆ ಅದೇಕೆಂದು ತಿಳಿಯುತ್ತದೆ. ಮೂರು ವರ್ಷ ಕಳೆದಿದ್ದರೂ ಒಬ್ಬೊಬ್ಬ ಗಾಯಾಳುವಿನ ಮುಖ, ಗಾಯ, ಕೂಗು ಮೊನ್ನೆ ಕಂಡಂತೆ ಅದರಲ್ಲಿ ಬರುತ್ತದೆ.

ಪುಸ್ತಕದ ಕೊನೆಯಲ್ಲಿ ಎರಡು ಸಲಹೆಗಳಿದ್ದವು. ಒಂದು, ಪ್ರತಿ ದೇಶದಲ್ಲೂ ಶಾಂತಿಕಾಲದಲ್ಲೇ ನೆರವಿನ ಸಂಘ ಕಟ್ಟಿ, ಸ್ವಯಂಸೇವಕರಿಗೆ ತರಬೇತಿ ಕೊಟ್ಟು, ಸಾಮಗ್ರಿ ಸಿದ್ಧವಾಗಿಡಬೇಕು. ಎರಡು, ಗಾಯಾಳುಗಳನ್ನೂ ಅವರ ಆರೈಕೆ ಮಾಡುವವರನ್ನೂ ಮುಟ್ಟಬಾರದೆಂದು ದೇಶಗಳು ಒಪ್ಪಂದ ಮಾಡಿಕೊಳ್ಳಬೇಕು. ಇಂದು ನಾವು ವಿಪತ್ತು ಸನ್ನದ್ಧತೆ ಎಂದು ಕರೆಯುವ ವಿಚಾರದ ಬೇರು ಮೊದಲ ಸಲಹೆಯಲ್ಲಿದೆ. ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂದು ನಮ್ಮ ಹಿರಿಯರು ಹೇಳುವುದೂ ಇದನ್ನೇ.

1863ರ ಫೆಬ್ರವರಿಯಲ್ಲಿ ಜಿನೀವಾದ ಐವರು ಸೇರಿ ಸಮಿತಿ ಮಾಡಿಕೊಂಡರು. ವಕೀಲ ಗುಸ್ತಾವ್ ಮೊಯ್ನಿಯೆ, ಸೇನಾಪತಿ ದ್ಯುಫೂರ್, ವೈದ್ಯರಾದ ಅಪ್ಪಿಯಾ ಮತ್ತು ಮೊನ್ವಾರ್, ಐದನೆಯವರು ಡ್ಯೂನಾಂಟ್. ರೆಡ್‌ಕ್ರಾಸ್ ಬೆಳೆದದ್ದು ಈ ಸಮಿತಿಯಿಂದ. 1864ರ ಆಗಸ್ಟ್ 22ರಂದು 12 ದೇಶಗಳು ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿದವು. ಮರುವರ್ಷವೇ ಉಸ್ಮಾನಿಯಾ ತುರ್ಕಿ ರಾಜ್ಯವೂ ಒಪ್ಪಂದಕ್ಕೆ ಸೇರಿತು. ಕೆಂಪು ಶಿಲುಬೆಯ ಗುರುತು ತಮ್ಮ ಸೈನಿಕರಿಗೆ ಹಿಡಿಸದೆಂದು 1876ರಲ್ಲಿ ತುರ್ಕರು ಕೆಂಪು ಅರ್ಧಚಂದ್ರವನ್ನು ಬಳಸತೊಡಗಿದರು. 1929ರ ಒಪ್ಪಂದದಲ್ಲಿ ಅದಕ್ಕೂ ಮಾನ್ಯತೆ ಸಿಕ್ಕಿತು. ಗುರುತು ಬೇರೆ, ಕೆಲಸ ಒಂದೇ. ಭಾರತದಲ್ಲಿ 1920ರ ಕಾಯ್ದೆಯ ಪ್ರಕಾರ ಇಂಡಿಯನ್ ರೆಡ್‌ಕ್ರಾಸ್ ಸೊಸೈಟಿ ಆರಂಭವಾಯಿತು.

ಬೀಳು

ಲೋಕಕ್ಕೆ ಉಪಕಾರ ಮಾಡಿದವರ ಗಿರಣಿ ಅಷ್ಟರಲ್ಲಿ ನಿಂತೇ ಹೋಗಿತ್ತು. 1867ರಲ್ಲಿ ಡ್ಯೂನಾಂಟ್ ದಿವಾಳಿಯಾದರು. ಅವರನ್ನು ನಂಬಿ ಹಣ ಹಾಕಿದ ಜಿನೀವಾದ ಅನೇಕರು ನಷ್ಟಕ್ಕೆ ಸಿಕ್ಕಿದರು. ಮರುವರ್ಷ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಸಮಿತಿಯಿಂದ ಹೊರಬಿದ್ದರು. ಮೊಯ್ನಿಯೆ ಅವರ ಹಗೆಯಾದರು. ತಾಯಿ ಅದೇ 1868ರಲ್ಲಿ ತೀರಿಕೊಂಡರು. ಜಿನೀವಾ ಬಿಟ್ಟು ಹೋದ ಡ್ಯೂನಾಂಟ್ ಮತ್ತೆಂದೂ ಹುಟ್ಟೂರಿಗೆ ಕಾಲಿಡಲಿಲ್ಲ.

ಪ್ಯಾರಿಸ್ ಸೇರಿದರು. ಕೈಯಲ್ಲಿ ಕಾಸಿಲ್ಲ. ಅಂಗಿಯ ಕಾಲರು ಕೊಳೆಯಾದರೆ ಸೀಮೆಸುಣ್ಣ ಬಳಿದು ಬೆಳ್ಳಗೆ ಮಾಡುತ್ತಿದ್ದರು, ಕೋಟು ಬಣ್ಣಗೆಟ್ಟ ಕಡೆ ಶಾಯಿ ಹಚ್ಚುತ್ತಿದ್ದರು. ರೈಲು ನಿಲ್ದಾಣದ ಬೆಂಚಿನ ಮೇಲೆ ಮಲಗಿದ ರಾತ್ರಿಗಳೂ ಇದ್ದವು. ಆ ಸ್ಥಿತಿಯಲ್ಲೂ 1870ರಲ್ಲಿ ಫ್ರಾನ್ಸ್ ಮತ್ತು ಪ್ರಶ್ಯಾಗಳ ಯುದ್ಧ ಶುರುವಾದಾಗ ಪ್ಯಾರಿಸಿನಲ್ಲಿ ನೆರವಿನ ಕೆಲಸಕ್ಕೆ ನಿಂತರು. ಯುದ್ಧಕೈದಿಗಳ ರಕ್ಷಣೆಗೂ ಒಪ್ಪಂದ ಬೇಕೆಂದು ವಾದಿಸಿದರು. ಆಮೇಲೆ ಸುಮಾರು ಹದಿನೈದು ವರ್ಷ ಊರಿಂದೂರಿಗೆ ಅಲೆದರು. ರೆಡ್‌ಕ್ರಾಸ್ ದೇಶದಿಂದ ದೇಶಕ್ಕೆ ಬೆಳೆಯುತ್ತಿತ್ತು. ಅದನ್ನು ಕನಸು ಕಂಡವರನ್ನು ಜನ ಮರೆತರು. ಅನೇಕರು ಅವರು ಸತ್ತೇಹೋಗಿದ್ದಾರೆಂದು ತಿಳಿದಿದ್ದರು.

ಹೈಡನ್ ಊರಿನ ಕೋಣೆ

1887ರಲ್ಲಿ, 59ನೇ ವಯಸ್ಸಿನಲ್ಲಿ, ಸೋತ ದೇಹ ಹೊತ್ತು ಸ್ವಿಟ್ಜರ್‌ಲೆಂಡಿನ ಹೈಡನ್ ಎಂಬ ಗುಡ್ಡಗಾಡು ಊರಿಗೆ ಬಂದರು. ಅಲ್ಲಿನ ವೈದ್ಯ ಹರ್ಮನ್ ಆಲ್ಟ್‌ಹೆರ್ ಅವರನ್ನು ನೋಡಿಕೊಂಡರು. 1892ರಿಂದ ಅಲ್ಲಿನ ಆಸ್ಪತ್ರೆಯ 12ನೇ ನಂಬರಿನ ಕೋಣೆಯೇ ಅವರ ಮನೆ. ಊರಿನ ಶಾಲೆಯ ಮೇಷ್ಟ್ರು ವಿಲ್ಹೆಲ್ಮ್ ಸೋಂಡರೆಗರ್ ಅವರ ಗುರುತು ಹಿಡಿದು ಸ್ನೇಹ ಬೆಳೆಸಿದರು. ಮೇಷ್ಟ್ರೂ ಅವರ ಹೆಂಡತಿಯೂ ಅನುಭವ ಬರೆಯುವಂತೆ ಪ್ರೋತ್ಸಾಹಿಸಿದರು. 1890ರಲ್ಲಿ ಹೈಡನ್‌ನಲ್ಲಿ ರೆಡ್‌ಕ್ರಾಸ್ ಶಾಖೆ ತೆರೆದು ಡ್ಯೂನಾಂಟ್ ಅವರನ್ನು ಗೌರವಾಧ್ಯಕ್ಷರನ್ನಾಗಿ ಮಾಡಿದರು.

ಆದರೆ ಮನಸ್ಸಿಗೆ ನೆಮ್ಮದಿ ಬರಲಿಲ್ಲ. ಸಾಲಗಾರರು ಹಿಂಬಾಲಿಸುತ್ತಿದ್ದಾರೆ, ಹಗೆಗಳು ಹೊಂಚು ಹಾಕುತ್ತಿದ್ದಾರೆ ಎಂಬ ಭಯ ಅವರನ್ನು ಕಾಡುತ್ತಿತ್ತು. ಊಟದಲ್ಲಿ ವಿಷವಿದೆಯೆಂಬ ಶಂಕೆಯಿಂದ ಅಡುಗೆಯವರು ತಮ್ಮ ಕಣ್ಣೆದುರೇ ಮೊದಲು ರುಚಿ ನೋಡಬೇಕೆಂದು ಹಟ ಹಿಡಿದ ದಿನಗಳಿದ್ದವು. ಕೈಹಿಡಿದು ಮೇಲೆತ್ತಿದ ಮೇಷ್ಟ್ರೇ ಮೊಯ್ನಿಯೆ ಜೊತೆ ಸೇರಿಕೊಂಡಿದ್ದಾರೆಂದು ಅನುಮಾನಿಸಿ ಆ ಸ್ನೇಹವನ್ನೂ ಕಡಿದುಕೊಂಡರು. 1904ರಲ್ಲಿ ಮೇಷ್ಟ್ರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು.

ಹೆಸರಿಲ್ಲದ ನೋವು

ಡ್ಯೂನಾಂಟ್ ಅವರಿಗೆ ಇಂಥದೇ ಕಾಯಿಲೆ ಇತ್ತೆಂದು ಇಷ್ಟು ದೂರದಿಂದ ಹೇಳುವುದು ನ್ಯಾಯವಲ್ಲ. ಸಾಲ, ಅವಮಾನ, ಹಸಿವು, ಒಂಟಿತನ, ಪ್ರತಿಯೊಂದೂ ಮನುಷ್ಯನನ್ನು ಕುಗ್ಗಿಸಬಲ್ಲದು. ಆದರೂ ಸಾಲ್ಫೆರಿನೋದಂಥದ್ದನ್ನು ಕಂಡವರ ಮನಸ್ಸಿಗೆ ಗಾಯವಾಗುತ್ತದೆಂಬುದು ಇಂದು ವೈದ್ಯಶಾಸ್ತ್ರ ಒಪ್ಪಿದ ವಿಷಯ. ಅಮೆರಿಕದ ಅಂತರ್ಯುದ್ಧದ ಕಾಲದ ವೈದ್ಯರು ಅದನ್ನು ಹೃದಯದ ಕಾಯಿಲೆ ಎಂದುಕೊಂಡರು. ಮೊದಲ ಮಹಾಯುದ್ಧದಲ್ಲಿ ಅದಕ್ಕೆ ಶೆಲ್ ಶಾಕ್ ಎಂಬ ಹೆಸರು ಬಂತು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಅದನ್ನು ಪಿಟಿಎಸ್‌ಡಿ, ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆ, ಎಂದು ತನ್ನ ಪಟ್ಟಿಗೆ ಸೇರಿಸಿತು.

ಲಕ್ಷಣಗಳು ಹೀಗಿರುತ್ತವೆ: ಕಂಡದ್ದು ಕನಸಿನಲ್ಲೂ ಎಚ್ಚರದಲ್ಲೂ ಮತ್ತೆ ಮತ್ತೆ ಕಣ್ಣಮುಂದೆ ಬರುವುದು, ಆ ಜಾಗವನ್ನೂ ಆ ಮಾತನ್ನೂ ತಪ್ಪಿಸಿಕೊಂಡು ತಿರುಗುವುದು, ಸಣ್ಣ ಸದ್ದಿಗೂ ಬೆಚ್ಚುವುದು, ನಿದ್ದೆ ಬಾರದಿರುವುದು, ಸಿಟ್ಟು, ತನ್ನಿಂದಲೇ ತಪ್ಪಾಯಿತೆಂಬ ಕೊರಗು, ತನ್ನವರಿಂದಲೇ ದೂರವಾಗುವುದು. ಭಯಂಕರವಾದದ್ದನ್ನು ಕಂಡ ಕೆಲವು ದಿನ ಹೀಗಾಗುವುದು ಸಹಜ, ಬಹಳ ಜನರಿಗೆ ತಾನಾಗಿಯೇ ಇಳಿಯುತ್ತದೆ. ತಿಂಗಳು ದಾಟಿದರೂ ಬಿಡದೆ ಓದು, ಕೆಲಸ, ಸಂಸಾರಕ್ಕೆ ಅಡ್ಡ ಬಂದರೆ ಅದು ಚಿಕಿತ್ಸೆ ಬೇಕಾದ ಕಾಯಿಲೆ. ಚಿಕಿತ್ಸೆ ಇದೆ, ಗುಣವೂ ಆಗುತ್ತದೆ.

ಇದು ನೊಂದವರಿಗೆ ಮಾತ್ರ ಬರುವುದಲ್ಲ. ಅವರನ್ನು ಎತ್ತಲು ಹೋದವರಿಗೂ ಬರುತ್ತದೆ. ಡ್ಯೂನಾಂಟ್ ಅವರ ಯೋಜನೆಯಲ್ಲಿ ಗಾಯಕ್ಕೆ ಬಟ್ಟೆಯಿತ್ತು, ಗಾಯಾಳುವಿಗೆ ಗಾಡಿಯಿತ್ತು, ದಾದಿಗೆ ತರಬೇತಿಯಿತ್ತು. ಆರೈಕೆ ಮಾಡಿದವನ ಮನಸ್ಸಿಗೆ ಏನೂ ಇರಲಿಲ್ಲ. ಆ ಕಾಲಕ್ಕೆ ಅದು ಯಾರಿಗೂ ಹೊಳೆದಿರಲಿಲ್ಲ. ರೆಡ್‌ಕ್ರಾಸ್ ಮತ್ತು ರೆಡ್ ಕ್ರೆಸೆಂಟ್ ಸಂಘಗಳ ಒಕ್ಕೂಟ ಮನೋಸಾಮಾಜಿಕ ನೆರವಿಗೆಂದೇ ಕೋಪನ್‌ಹೇಗನ್‌ನಲ್ಲಿ ಕೇಂದ್ರ ತೆರೆದದ್ದು 1993ರಲ್ಲಿ.

ನಮ್ಮ ರಾಜ್ಯದಲ್ಲೂ ಈ ಕೆಲಸ ನಡೆದಿದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಮಕ್ಕಳನ್ನು ಕಳೆದುಕೊಂಡ ಕುಟುಂಬಗಳ ಮನಸ್ಥಿತಿಯನ್ನು ನಿಮ್ಹಾನ್ಸ್ ವೈದ್ಯರು ಅಧ್ಯಯನ ಮಾಡಿದರು. 1984ರ ಭೋಪಾಲ್ ಅನಿಲ ದುರಂತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಈ ಎಲ್ಲ ಕಡೆಯೂ ನಿಮ್ಹಾನ್ಸ್ ತಂಡಗಳು ದುಡಿದವು.

ನಮ್ಮ ತೆಂಗಿನ ಸೀಮೆಯಲ್ಲಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಯುದ್ಧವಿಲ್ಲ, ಸುನಾಮಿಯಿಲ್ಲ. ಆದರೂ ನೆರವಿಗೆ ಓಡುವವರಿದ್ದಾರೆ. ಬಿ.ಎಚ್. ರಸ್ತೆಯಲ್ಲಿ ಅಪಘಾತವಾದರೆ ಜಖಂಗೊಂಡ ಗಾಡಿಯಿಂದ ಮೊದಲು ಎಳೆದು ಹೊರಹಾಕುವವರು ದಾರಿಹೋಕರು, ಅಂಗಡಿಯವರು. ಕೆರೆಯಲ್ಲೋ ಕೃಷಿಹೊಂಡದಲ್ಲೋ ಹುಡುಗ ಮುಳುಗಿದರೆ ನೀರಿಗೆ ಇಳಿಯುವವನು ಊರಿನ ಈಜುಗಾರ. ತೆಂಗಿನ ಮರದಿಂದ ಬಿದ್ದವನನ್ನು ಎತ್ತುವವರು ಪಕ್ಕದ ತೋಟದವರು. ಅಗ್ನಿಶಾಮಕ ದಳದವರು, 108ರ ಸಿಬ್ಬಂದಿ, ಆಶಾ ಕಾರ್ಯಕರ್ತೆಯರು ಇದ್ದಾರೆ. ಕೋವಿಡ್ ದಿನಗಳಲ್ಲಿ ರಾಜ್ಯದ ಅನೇಕ ಊರುಗಳಲ್ಲಿ ಮನೆಯವರೇ ಹೆದರಿ ದೂರ ನಿಂತಾಗ, ಯುವಕರು ಜಾತಿ ಧರ್ಮ ನೋಡದೆ ಶವಗಳಿಗೆ ಹೆಗಲು ಕೊಟ್ಟರು, ಅವರವರ ಪದ್ಧತಿಯಂತೆ ಅಂತ್ಯಸಂಸ್ಕಾರ ಮಾಡಿದರು. ಅವರಲ್ಲಿ ಮುಸ್ಲಿಂ ಹುಡುಗರು ಬಹಳ ಮಂದಿ. ಅವರನ್ನು ಹೊಗಳಿದೆವು, ಶಾಲು ಹೊದಿಸಿದೆವು. ಈಗ ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿದವರು ಎಷ್ಟು ಜನ?

ಕಾಯಿ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುವ ಸೀಮೆ ನಮ್ಮದು. ಹೊರಗಿನ ಸಿಪ್ಪೆ ನೋಡಿದರೆ ಏನೂ ತಿಳಿಯದು. ಒಳಗೆ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟಿರುತ್ತದೆ. ಕೈಗೆತ್ತಿಕೊಂಡು ಅಲ್ಲಾಡಿಸಿ ಕಿವಿಗೊಟ್ಟವರಿಗೆ ಮಾತ್ರ ಅದು ಗೊತ್ತಾಗುತ್ತದೆ. ಗಟ್ಟಿ ಗುಂಡಿಗೆಯವನೆಂದು ಊರು ಹೆಸರಿಟ್ಟವನ ವಿಷಯದಲ್ಲೂ ಅಷ್ಟೆ, ಹತ್ತಿರ ಕೂತು ವಿಚಾರಿಸಬೇಕು.

ಹಾಗೆ ಕೂರುವುದಕ್ಕೂ ಒಂದು ರೀತಿಯಿದೆ. ವಿಶ್ವ ಆರೋಗ್ಯ ಸಂಸ್ಥೆ ಮಾನಸಿಕ ಪ್ರಥಮ ಚಿಕಿತ್ಸೆಯನ್ನು ಮೂರು ಮಾತಿನಲ್ಲಿ ಕಲಿಸುತ್ತದೆ: ನೋಡು, ಕೇಳು, ಜೋಡಿಸು. ಯಾರಿಗೆ ನೆರವು ಬೇಕಾಗಿದೆಯೆಂದು ನೋಡುವುದು, ಅವರು ಹೇಳಿದಷ್ಟನ್ನು ತಾಳ್ಮೆಯಿಂದ ಕೇಳುವುದು, ವೈದ್ಯರು, ಮನೆಯವರು, ಸ್ನೇಹಿತರ ಜೊತೆ ಜೋಡಿಸುವುದು. ನಡೆದದ್ದೆಲ್ಲವನ್ನೂ ಬಾಯಿಬಿಡಿಸಲೇಬೇಕೆಂದು ಒತ್ತಾಯಿಸಬಾರದು. ಅದರಿಂದ ಉಪಕಾರಕ್ಕಿಂತ ಅಪಕಾರವೇ ಆಗಬಹುದು. ನೆರವಿನ ತಂಡಗಳು ಇಬ್ಬಿಬ್ಬರಾಗಿ ಕೆಲಸ ಮಾಡಬೇಕು, ಸರದಿಯಂತೆ ವಿಶ್ರಾಂತಿ ಪಡೆಯಬೇಕು, ಕೆಲಸ ಮುಗಿದ ವಾರದಲ್ಲೂ ತಿಂಗಳಲ್ಲೂ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಸಿದ್ಧವಾಗಿಡುವಂತೆ ಇದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡಿದರೆ ಈಮಾನು ಕಡಿಮೆಯೆಂದಲ್ಲ, ಧೈರ್ಯ ಕಡಿಮೆಯೆಂದೂ ಅಲ್ಲ.

ಕೊನೆಯ ವರ್ಷಗಳು

1895ರಲ್ಲಿ ಗೆಯೊರ್ಗ್ ಬೌಮ್‌ಬರ್ಗರ್ ಎಂಬ ಪತ್ರಿಕಾ ಸಂಪಾದಕರು ಹೈಡನ್‌ಗೆ ಹೋಗಿ ಡ್ಯೂನಾಂಟ್ ಅವರನ್ನು ಕಂಡು ಲೇಖನ ಬರೆದರು. ಕೆಲವೇ ದಿನಗಳಲ್ಲಿ ಅದು ಯುರೋಪಿನ ಪತ್ರಿಕೆಗಳಲ್ಲೆಲ್ಲ ಬಂತು. ಮರೆತವರು ನೆನೆದರು, ಪತ್ರಗಳು ಬಂದವು, ನೆರವು ಬಂತು. 1901ರ ಡಿಸೆಂಬರ್ 10ರಂದು ಮೊದಲ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಫ್ರಾನ್ಸಿನ ಫ್ರೆಡ್ರಿಕ್ ಪಾಸಿ ಅವರಿಗೂ ಡ್ಯೂನಾಂಟ್ ಅವರಿಗೂ ಹಂಚಿ ಕೊಡಲಾಯಿತು. 34 ವರ್ಷಗಳ ಹಿಂದೆ ಅವರನ್ನು ದೂರವಿಟ್ಟ ಜಿನೀವಾ ಸಮಿತಿಯೂ ಅಭಿನಂದನೆ ಕಳಿಸಿತು.

ಪ್ರಶಸ್ತಿಯ ಹಣ ಸಾಲಗಾರರ ಕೈಗೆ ಹೋಗದಂತೆ ನಾರ್ವೆಯ ವೈದ್ಯ ಹಾನ್ಸ್ ಡೇ ಅದನ್ನು ತಮ್ಮ ದೇಶದ ಬ್ಯಾಂಕಿನಲ್ಲಿ ಇಡಿಸಿದರು. ಡ್ಯೂನಾಂಟ್ ಅದರಲ್ಲಿ ಒಂದು ಕಾಸನ್ನೂ ಸ್ವಂತಕ್ಕೆ ಖರ್ಚು ಮಾಡಲಿಲ್ಲ. ಅದೇ ಕೋಣೆಯಲ್ಲಿ, ಅದೇ ಸರಳತೆಯಲ್ಲಿ ಉಳಿದರು. ಭಯವೂ ಅವರ ಜೊತೆಗೇ ಉಳಿಯಿತು. ಪ್ರಶಸ್ತಿ ಮನಸ್ಸಿನ ಗಾಯಕ್ಕೆ ಮದ್ದಾಗಲಿಲ್ಲ.

1910ರ ಆಗಸ್ಟ್ 13ರಂದು ಅವರು ಬಹಳ ಗೌರವಿಸುತ್ತಿದ್ದ ಫ್ಲಾರೆನ್ಸ್ ನೈಟಿಂಗೇಲ್ ತೀರಿಕೊಂಡರು. ಅದೇ ತಿಂಗಳು ಮೊಯ್ನಿಯೆ ಹೋದರು, ಇಬ್ಬರ ನಡುವೆ ರಾಜಿ ಆಗಲೇ ಇಲ್ಲ. ಅಕ್ಟೋಬರ್ 30ರಂದು, 82ನೇ ವಯಸ್ಸಿನಲ್ಲಿ, ಡ್ಯೂನಾಂಟ್ ಕಣ್ಣು ಮುಚ್ಚಿದರು. ಅವರ ಇಚ್ಛೆಯಂತೆ ಯಾವ ಸಮಾರಂಭವೂ ಇಲ್ಲದೆ ಜೂರಿಕ್ ನಗರದಲ್ಲಿ ಅಂತ್ಯಸಂಸ್ಕಾರ ಮಾಡಿದರು. ಉಳಿದ ಹಣವನ್ನು ನಾರ್ವೆ ಮತ್ತು ಸ್ವಿಟ್ಜರ್‌ಲೆಂಡಿನ ಸೇವಾಸಂಸ್ಥೆಗಳಿಗೂ ತಮ್ಮನ್ನು ನೋಡಿಕೊಂಡವರಿಗೂ ಬರೆದಿಟ್ಟಿದ್ದರು. ಅದರಲ್ಲಿ ಒಂದು ಪಾಲು ಹೈಡನ್ ಆಸ್ಪತ್ರೆಯಲ್ಲಿ ಬಡ ರೋಗಿಗೆ ಒಂದು ಹಾಸಿಗೆ ಯಾವಾಗಲೂ ಉಚಿತವಾಗಿರಲಿ ಎಂದು.

ಲೋಕದ ಗಾಯಾಳುಗಳಿಗೆಲ್ಲ ಹಾಸಿಗೆ ಹಾಸಿದವರು ಹೋಗುವಾಗಲೂ ಒಂದು ಹಾಸಿಗೆ ಬಿಟ್ಟುಹೋದರು. ನಮ್ಮ ಘಟಕಗಳಲ್ಲಿ ಸ್ಟ್ರೆಚರ್ ಹಿಡಿಯುವುದನ್ನು, ರಕ್ತ ನಿಲ್ಲಿಸುವುದನ್ನು ಕಲಿಯೋಣ. ಅದರ ಜೊತೆಗೇ, ಸ್ಟ್ರೆಚರ್ ಕೆಳಗಿಟ್ಟು ಸುಮ್ಮನೆ ಮೂಲೆಗೆ ಹೋಗಿ ಕೂತ ಗೆಳೆಯನ ಪಕ್ಕ ಹೋಗಿ ಕೂರುವುದನ್ನೂ ಕಲಿಯೋಣ.